ತಾನೇ ಧಣಿ, ತಾನೇ ಆಳು

ಹೊಟ್ಟೆಪಾಡಿಗಾಗಿ ಹುಟ್ಟೂರು ಬಿಟ್ಟು ಮುಂಬಯಿಗೆ ಬಂದ ಕನ್ನಡಿಗರ ಸಾಧನೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ದೊಡ್ಡ ಹೋಟೆಲುಗಳನ್ನು ಕಟ್ಟಿದವರನ್ನೂ ಬ್ಯಾಂಕುಗಳಲ್ಲಿ ಮೇಲೇರಿದವರನ್ನೂ ವಕೀಲ, ವೈದ್ಯರನ್ನೂ ಸ್ಮರಿಸುತ್ತೇವೆ. ಬಾಂದ್ರಾ ಸ್ಟೇಷನ್ನಿನ ಪೂರ್ವ ದಿಕ್ಕಿಗೆ ಇಳಿದು ಸರಕಾರಿ ಕಾಲೊನಿಯ ಕಡೆಗೆ ನಡೆದರೆ ಈ ಯಾವ ಸಾಲಿಗೂ ಸೇರದ ಇನ್ನೊಂದು ವರ್ಗ ಕಣ್ಣಿಗೆ ಬೀಳುತ್ತದೆ. ಆರಡಿ ಅಗಲದ ಮಳಿಗೆಯಲ್ಲಿ ಬಟ್ಟೆ ಹೊಲಿಯುವವರು, ಜಿಲ್ಲಾಧಿಕಾರಿಗಳ ಕಚೇರಿಯ ಆಸುಪಾಸಿನಲ್ಲಿ ಝೆರಾಕ್ಸ್ ಯಂತ್ರವಿಟ್ಟುಕೊಂಡವರು, ಅರ್ಜಿ, ಅಫಿಡವಿಟ್ ಟೈಪು ಮಾಡಿಕೊಡುವವರು, ವಿಮಾ ಏಜೆಂಟರು, ಮನೆಯಲ್ಲೇ ಕುಳಿತು ತೆರಿಗೆಯ ಲೆಕ್ಕ ಬರೆದುಕೊಡುವವರು, ಚಕ್ಕುಲಿ, ಕೋಡುಬಳೆ ಕರಿದು ಅಂಗಡಿಗಳಿಗೆ ಒದಗಿಸುವ ಗೃಹಿಣಿಯರು. ಇವರ ಉದ್ಯಮದಲ್ಲಿ ಧಣಿಯೂ ಅವರೇ, ಗುಮಾಸ್ತರೂ ಅವರೇ, ಬೆಳಿಗ್ಗೆ ಕಸ ಗುಡಿಸುವವರೂ ಅವರೇ.

ಬ್ಯಾಂಕಿನ ದಾಖಲೆಗಳಲ್ಲಿ ಇವರನ್ನು ‘ಸೋಲ್ ಪ್ರೊಪ್ರೈಟರ್’ ಎಂದು ನಮೂದಿಸುತ್ತೇವೆ. ಇವರ ಅಂಗಡಿಗಳಿಂದ ಆಟೋರಿಕ್ಷಾದಲ್ಲಿ ಸ್ವಲ್ಪ ದೂರ ಹೋದರೆ ಬಾಂದ್ರಾ-ಕುರ್ಲಾ ಸಂಕೀರ್ಣ. ನಬಾರ್ಡ್, ಸೆಬಿ, ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಮುಂತಾದ ಮಹಾಸಂಸ್ಥೆಗಳ ಮುಖ್ಯ ಕಚೇರಿಗಳು ಅಲ್ಲಿವೆ. ಅಲ್ಲಿ ಒಬ್ಬ ಅಧಿಕಾರಿ ರಜೆ ಹಾಕಿದರೆ ಇನ್ನೊಬ್ಬರು ಕೆಲಸ ನೋಡಿಕೊಳ್ಳುತ್ತಾರೆ. ಇಲ್ಲಿ ಒಬ್ಬರಿಗೆ ಜ್ವರ ಬಂದರೆ ಶಟರೇ ಮೇಲೇಳುವುದಿಲ್ಲ. ಇಂಥವರ ದಿನಚರಿ ಹಾಗೂ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕು ಸೇರಿದವನು. ಆದರೆ ಕಂತು ತಪ್ಪಿದ ಸಾಲದ ಖಾತೆಗಳನ್ನು ವಿಚಾರಿಸಲು ಹೋದಾಗ, ತೊಂದರೆ ವ್ಯಾಪಾರದಲ್ಲಿರದೆ ವ್ಯಾಪಾರಿಯ ದೇಹದಲ್ಲಿ ಇದ್ದುದನ್ನು ಹಲವು ಸಲ ಕಂಡಿದ್ದೇನೆ.

ಸವಕಳಿ ಬರೆಯದ ಆಸ್ತಿ

ಬಿ.ಕಾಂ. ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದು, ವ್ಯಾಪಾರ ಬೇರೆ, ವ್ಯಾಪಾರಿ ಬೇರೆ ಎಂಬುದು. ಗಲ್ಲಾಪೆಟ್ಟಿಗೆಯಿಂದ ಮನೆಯ ಖರ್ಚಿಗೆ ಹತ್ತು ರೂಪಾಯಿ ತೆಗೆದರೂ ಅದನ್ನು ಡ್ರಾಯಿಂಗ್ಸ್ ಖಾತೆಗೆ ಬರೆಯಬೇಕು. ಪುಸ್ತಕದ ಈ ಭೇದವನ್ನು ಕಾನೂನು ಒಪ್ಪುವುದಿಲ್ಲ. ಒಂಟಿ ವ್ಯಾಪಾರಿಯ ಅಂಗಡಿಯ ಸಾಲ ಅವನ ಸ್ವಂತ ಸಾಲವೇ. 2013ರ ಕಂಪನಿ ಕಾಯಿದೆಯು ಒಬ್ಬನೇ ಸದಸ್ಯನಿರುವ ಕಂಪನಿಗೂ ಅವಕಾಶ ಕೊಟ್ಟಿತು. ಆದರೆ ಅಲ್ಲಿಯೂ, ಸದಸ್ಯನು ಮೃತನಾದರೆ ಅಥವಾ ಅಶಕ್ತನಾದರೆ ಅವನ ಸ್ಥಾನಕ್ಕೆ ಯಾರು ಬರಬೇಕೆಂಬುದನ್ನು ಸ್ಥಾಪನೆಯ ದಿನವೇ ಬರೆದುಕೊಡಬೇಕು. ಕಾಯಿದೆ ಬರೆದವರಿಗೆ ಹೊಳೆದ ಈ ಪ್ರಶ್ನೆ ನಮ್ಮ ಅಂಗಡಿಗಳಲ್ಲಿ ಏಳುವುದೇ ಇಲ್ಲ. ಹೊಲಿಗೆಯ ಯಂತ್ರಕ್ಕೆ ವರ್ಷಕ್ಕಿಷ್ಟು ಎಂದು ಸವಕಳಿ ಬರೆಯುತ್ತೇವೆ. ಯಂತ್ರವನ್ನು ತುಳಿಯುವ ಕಾಲಿಗೆ ಸವಕಳಿ ಬರೆಯುವ ಅಂಕಣ ಲೆಕ್ಕದ ಪುಸ್ತಕದಲ್ಲಿಲ್ಲ.

ಕಾಲಿನ ಮಾತನ್ನು ಉಪಮೆಗಾಗಿ ತಂದದ್ದಲ್ಲ. ಕುಂದಾಪುರದ ಕಡೆಯಿಂದ ಬಂದು ಇಪ್ಪತ್ತೆರಡು ವರ್ಷಗಳಿಂದ ಬಾಂದ್ರಾ ಪೂರ್ವದಲ್ಲಿ ಹೊಲಿಗೆಯ ಅಂಗಡಿ ನಡೆಸುತ್ತಿರುವ ಒಬ್ಬರು ನಮ್ಮ ಗ್ರಾಹಕರು. ಹೆಂಡತಿ ಮಕ್ಕಳು ಊರಿನಲ್ಲಿ, ಇವರು ಅಂಗಡಿಯ ಮಾಳಿಗೆಯಲ್ಲಿ. ಬೆಳಿಗ್ಗೆ ಒಂದು ಚಹಾ, ಹನ್ನೊಂದಕ್ಕೆ ಇನ್ನೊಂದು, ಗಿರಾಕಿ ಬಿಟ್ಟಾಗ ಒಂದು ವಡಾಪಾವ್, ನಿಜವಾದ ಊಟ ರಾತ್ರಿ ಹತ್ತೂವರೆಗೆ. ಶೌಚಾಲಯ ರಸ್ತೆಯ ಆಚೆ ಇರುವುದರಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಿತ್ತು. ಮಾತ್ರೆ ನೆನಪಾದಾಗ ನುಂಗುತ್ತಿದ್ದರು. ಪರೀಕ್ಷೆ ಮಾಡಿಸಿಕೊಳ್ಳಿ ಎಂದರೆ, “ಅಂಗಡಿ ಬಾಗಿಲು ಹಾಕಿ ಡಾಕ್ಟ್ರ ಹತ್ರ ಹೋದ್ರೆ ಗಿರಾಕಿ ಎದುರಿನವನ ಹತ್ರ ಹೋಗ್ತಾನೆ ಮಾರಾಯ್ರೆ” ಎನ್ನುತ್ತಿದ್ದರು. ಒಂದು ಮೇ ತಿಂಗಳಲ್ಲಿ ನೆಲಕ್ಕೆ ಬಿದ್ದ ಗುಂಡುಸೂಜಿಯೊಂದು ಬರಿಗಾಲಿಗೆ ಚುಚ್ಚಿ ಒಳಗೇ ಉಳಿಯಿತು. ಬಹುಕಾಲ ಹತೋಟಿಯಲ್ಲಿರದ ಸಕ್ಕರೆ ಕಾಯಿಲೆಯು ಪಾದದ ನರಗಳನ್ನು ಮಂಕಾಗಿಸುತ್ತದೆ. ಅವರಿಗೆ ನೋವೇ ತಿಳಿಯಲಿಲ್ಲ. ಕಿರುಬೆರಳನ್ನು ತೆಗೆಯಬೇಕಾಯಿತು. ಶಾಲೆಗಳು ತೆರೆದು ಸಮವಸ್ತ್ರದ ಕೆಲಸ ಮೈಮೇಲೆ ಬರುವ ಜೂನ್ ತಿಂಗಳೂ ಸೇರಿ 53 ದಿನ ಅಂಗಡಿ ಮುಚ್ಚಿತ್ತು.

ಅವರು ಕುಂಟುತ್ತಿರುವುದನ್ನು ಮೊದಲು ಗಮನಿಸಿದವರು ಯಾರು ಎಂಬುದು ನನ್ನ ದೃಷ್ಟಿಯಲ್ಲಿ ಈ ಪ್ರಸಂಗದ ಮುಖ್ಯ ಭಾಗ. ಮನೆಯವರು ಊರಿನಲ್ಲಿ. ಗಿರಾಕಿಗಳು ತಮ್ಮ ಬಟ್ಟೆಯನ್ನು ನೋಡುತ್ತಾರೆಯೇ ಹೊರತು ಹೊಲಿಯುವವರ ಕಾಲನ್ನಲ್ಲ. ಪ್ರತಿದಿನ ಸಂಜೆ ಏಳಕ್ಕೆ ನೂರು ರೂಪಾಯಿ ತೆಗೆದುಕೊಂಡು ಹೋಗಲು ಬರುವ ಒಂದು ಸಹಕಾರಿ ಸಂಘದ ಕಲೆಕ್ಷನ್ ಹುಡುಗ “ಅಣ್ಣಾ, ನಿನ್ನೆಯಿಂದ ಕಾಲು ಎಳೆಯುತ್ತಿದ್ದೀರಲ್ಲ?” ಎಂದು ಕೇಳಿ, ಬಿಡದೆ ಭಾಭಾ ಆಸ್ಪತ್ರೆಗೆ ಕರೆದುಕೊಂಡು ಹೋದ. ಎರಡು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದು ವೈದ್ಯರು ಹೇಳಿದರಂತೆ.

ಎರಡಾಣೆಯ ಶಿಸ್ತು

ದಿನವೂ ಬಾಗಿಲಿಗೆ ಬರುವ ಈ ಪದ್ಧತಿ ನಮ್ಮ ನಾಡಿನದೇ ಕೊಡುಗೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಆರಂಭದ ಬಂಡವಾಳ 8,000 ರೂಪಾಯಿ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಈ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಒಂದೇ ಸಲ ಕೊಡಿರೆಂದರೆ ಆ ಕಾಲದ ನೇಕಾರನಿಗಾಗಲಿ ಬೀದಿಯ ವ್ಯಾಪಾರಿಗಾಗಲಿ ಅದು ಆಗದ ಮಾತು.

ಸಂಸ್ಥಾಪಕರಲ್ಲಿ ಡಾ. ಪೈ ವೃತ್ತಿಯಿಂದ ವೈದ್ಯರು ಎಂಬುದನ್ನು ಇಲ್ಲಿ ನೆನೆಯಬೇಕು. ಔಷಧಿಯನ್ನು ಒಮ್ಮೆಗೇ ಕುಡಿದರೆ ಫಲವಿಲ್ಲ, ಹೊತ್ತುಹೊತ್ತಿಗೆ ಅಳತೆಯಲ್ಲಿ ಕುಡಿಯಬೇಕು ಎಂದು ರೋಗಿಗಳಿಗೆ ಹೇಳುವವರಿಗೆ ಉಳಿತಾಯದ ಮರ್ಮ ತಿಳಿಯುವುದು ಕಷ್ಟವಲ್ಲವೆಂದು ನನಗೆ ಅನಿಸುತ್ತದೆ. ಪಿಗ್ಮಿಯ ಯಶಸ್ಸಿಗೆ ಬಡ್ಡಿಯ ದರ ಕಾರಣವಲ್ಲ. ಉಳಿತಾಯ ಮಾಡುವವನ ಮನೋಬಲವನ್ನು ಅದು ನಂಬಿ ಕೂರಲಿಲ್ಲ. ಗೊತ್ತಾದ ಹೊತ್ತಿಗೆ ಗೊತ್ತಾದ ವ್ಯಕ್ತಿಯನ್ನು ಅವನ ಬಾಗಿಲಿಗೆ ಕಳಿಸಿತು. ನಮ್ಮ ಊರಿನ ಪೇಟೆಯಲ್ಲಿ ಪಿಗ್ಮಿಯವರು ಬಂದರೆಂದರೆ ಸಂಜೆ ಐದೂವರೆ ಎಂದೇ ಲೆಕ್ಕ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 2016ರಲ್ಲಿ ಯುಪಿಐ ಬಂದಮೇಲೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗಲು ಮನುಷ್ಯನ ಕಾಲುಗಳ ಅಗತ್ಯವಿಲ್ಲ. ಬ್ಯಾಂಕಿನವನಾಗಿ ಈ ಅನುಕೂಲವನ್ನು ನಾನು ಅಲ್ಲಗಳೆಯಲಾರೆ. ಆದರೆ ಮೊಬೈಲು ಯಾರ ಕಾಲು ಕುಂಟುತ್ತಿದೆಯೆಂದು ನೋಡುವುದಿಲ್ಲ. (ಬಿಸಿಲು ಮಳೆಯೆನ್ನದೆ ಕಮಿಷನ್ನಿಗಾಗಿ ನಡೆದ ಈ ಠೇವಣಿ ಸಂಗ್ರಾಹಕರನ್ನು ಸರ್ವೋಚ್ಚ ನ್ಯಾಯಾಲಯ ಕಾರ್ಮಿಕರೆಂದು ಪರಿಗಣಿಸಿದ್ದು 2001ರಲ್ಲಿ. ಅಲ್ಲಿಯವರೆಗೆ ಅವರೂ ಒಂದು ಬಗೆಯ ಒಂಟಿ ಉದ್ಯಮಿಗಳೇ.)

ಒಳ್ಳೆಯ ಅಭ್ಯಾಸಕ್ಕೂ ಇದೇ ಏರ್ಪಾಡು ಬೇಕು. ನೌಕರಿಯಲ್ಲಿರುವವನಿಗೆ ಊಟದ ಗಂಟೆ, ರಜೆಯ ಪಟ್ಟಿ, ಮೇಲಧಿಕಾರಿಯ ಕಣ್ಣು, ಪಕ್ಕದ ಮೇಜಿನವನ ವಿಚಾರಣೆ ಇವೆಲ್ಲ ಹೊರಗಿನಿಂದ ಒದಗುತ್ತವೆ. ಒಂಟಿ ವ್ಯಾಪಾರಿಗೆ ಇವನ್ನು ತಾನೇ ನೇಮಿಸಿಕೊಳ್ಳದೆ ಗತಿಯಿಲ್ಲ. ದಿನಾಲೂ ಕಾಣಿಸಿಕೊಳ್ಳುವ ಒಬ್ಬರಿಗೆ, ಎದುರಿನ ಔಷಧಿ ಅಂಗಡಿಯವರಾಗಲಿ, ಚಹಾ ತರುವ ಹುಡುಗನಾಗಲಿ, ರಾತ್ರಿ ಊರಿನಿಂದ ಫೋನು ಮಾಡುವ ಮಗಳಾಗಲಿ, “ಮಾತ್ರೆ ತೆಗೆದುಕೊಂಡಿರಾ, ಊಟ ಆಯಿತೇ ಎಂದು ಕೇಳು” ಎಂಬ ಅಧಿಕಾರವನ್ನು ಬಾಯಿಬಿಟ್ಟು ಕೊಡಬೇಕು. ಇದರಲ್ಲಿ ನಾಚಿಕೆ ಪಡುವಂಥದೇನೂ ಇಲ್ಲ. ಲೆಕ್ಕ ತನಿಖೆಗೆ ಆಡಿಟರನ್ನು ಕರೆಯುವುದಿಲ್ಲವೇ?

ಶಟರಿಗೆ ಕಟ್ಟಿದ ಅಭ್ಯಾಸ

ಅಭ್ಯಾಸ ಬೇರೂರಲು ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನ ಸಾಕೆಂಬ ಮಾತು ಪ್ರಚಾರದಲ್ಲಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನಗಳೆಂದು ಕಂಡುಬಂತು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನಗಳವರೆಗೆ ಬೇಕಾಗಬಹುದೆಂದು ಲೆಕ್ಕ ಸಿಕ್ಕಿತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ಹಾನಿಯಿಲ್ಲ ಎಂಬುದು ಅದರಲ್ಲಿನ ಸಮಾಧಾನದ ಸಂಗತಿ. ಪಿಗ್ಮಿಯೂ ಹಾಗೆಯೇ, ಒಂದು ದಿನ ಕಟ್ಟದಿದ್ದರೆ ಖಾತೆ ಮುಚ್ಚುವುದಿಲ್ಲ, ಮರುದಿನ ಅವರು ಮತ್ತೆ ಬರುತ್ತಾರೆ.

ಅಭ್ಯಾಸವನ್ನು ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಗಂಟು ಹಾಕಬೇಕೆಂಬುದೂ ಆ ಅಧ್ಯಯನದ ತಳಹದಿ. ಅಂಗಡಿಯವರಿಗೆ ಶಟರು ಎತ್ತುವುದಕ್ಕಿಂತ ಖಚಿತವಾದ ಕೆಲಸ ಯಾವುದಿದೆ? ಶಟರು ಎತ್ತಿ ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ಕೂಡಲೇ ಒಂದು ಲೋಟ ನೀರು ಮತ್ತು ಬೆಳಗಿನ ಮಾತ್ರೆ. ಬೋಣಿ ಆದೊಡನೆ ತಿಂಡಿ. ಶಟರು ಇಳಿಸಿದ ಮೇಲೆ ಪಾದಗಳನ್ನು ತೊಳೆದು ಒರಸಿ ಬೆರಳ ಸಂದುಗಳನ್ನು ಕಣ್ಣಿನಿಂದ ನೋಡುವುದು. ಸಕ್ಕರೆ ಕಾಯಿಲೆಯವರು ಇದನ್ನು ಒಂದು ದಿನವೂ ಬಿಡದಿದ್ದರೆ ಕ್ಷೇಮ.

ಕುಳಿತೇ ಇರುವುದರ ಕೆಡುಕನ್ನು ತೋರಿಸಿದ ಹಳೆಯ ಸಂಶೋಧನೆಯೊಂದು ಮುಂಬಯಿಯವರಿಗೆ ಚೆನ್ನಾಗಿ ಅರ್ಥವಾಗುವಂಥದು. ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಮಹಡಿ ಬಸ್ಸುಗಳ ಚಾಲಕರನ್ನೂ ಕಂಡಕ್ಟರರನ್ನೂ ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ಹೊಗೆ. ಆದರೂ ದಿನವಿಡೀ ಕುಳಿತ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರರಲ್ಲಿ ಹೃದಯರೋಗ ಕಡಿಮೆಯಿತ್ತು. ಇದು ಪ್ರಕಟವಾದದ್ದು 1953ರಲ್ಲಿ. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುತ್ತದೆ. ಕಾರ್ಟರ್ ರಸ್ತೆಯ ಸಮುದ್ರದಂಡೆಯಲ್ಲಿ ಬೆಳಿಗ್ಗೆ ನಡೆಯುವ ಪುಣ್ಯ ಎಲ್ಲರಿಗೂ ಇರುವುದಿಲ್ಲ. ಮೆಟೀರಿಯಲ್ ತರಲು ಸ್ಟೇಷನ್ನಿನ ಆಚೆಗೆ ಹೋಗುವಾಗ ಶೇರ್ ರಿಕ್ಷಾ ಬಿಟ್ಟು ನಡೆದರೂ ಲೆಕ್ಕಕ್ಕೆ ಬರುತ್ತದೆ.

ಪರೀಕ್ಷೆಗಳ ಮಾತು ಸಂಕ್ಷೇಪವಾಗಿ. ರಕ್ತದೊತ್ತಡ ಮತ್ತೆ ಮತ್ತೆ 140/90ನ್ನು ಮುಟ್ಟುತ್ತಿದ್ದರೆ, ಬರಿಹೊಟ್ಟೆಯ ರಕ್ತದ ಸಕ್ಕರೆ 126ನ್ನು ಮುಟ್ಟಿದರೆ ವೈದ್ಯರನ್ನು ಕಾಣಲೇಬೇಕು. ಸಮಯವಿಲ್ಲ ಎಂಬ ನೆಪಕ್ಕೂ ಈಗ ಬಲ ಕಡಿಮೆ. 2022ರಲ್ಲಿ ಮಹಾನಗರಪಾಲಿಕೆ ಆರಂಭಿಸಿದ ‘ಆಪ್ಲಾ ದವಾಖಾನಾ’ಗಳಲ್ಲಿ ಹಲವು ಸಂಜೆಯ ಹೊತ್ತೂ ತೆರೆದಿರುತ್ತವೆ.

ವಾರದ ರಜೆ ಎಂಬ ಬಂಡವಾಳ

1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ ಪ್ರಕಾರ ಪ್ರತಿ ಅಂಗಡಿ ವಾರಕ್ಕೊಂದು ದಿನ ಮುಚ್ಚಬೇಕಿತ್ತು. ಇನ್‌ಸ್ಪೆಕ್ಟರರ ಭಯದಿಂದಲಾದರೂ ಧಣಿಯ ಬೆನ್ನು ಒಂದು ದಿನ ಹಾಸಿಗೆ ಕಾಣುತ್ತಿತ್ತು. ಅದರ ಸ್ಥಾನದಲ್ಲಿ ಬಂದ 2017ರ ಕಾಯಿದೆ ವರ್ಷದ 365 ದಿನವೂ ಅಂಗಡಿ ತೆರೆದಿಡಲು ಅವಕಾಶ ಕೊಟ್ಟಿದೆ. ನೌಕರರಿಗೆ ವಾರದ ರಜೆಯನ್ನೂ ವಿಧಿಸಿದೆ. ನೌಕರರೇ ಇಲ್ಲದ ಅಂಗಡಿಯಲ್ಲಿ ರಜೆ ಯಾರಿಗೆ? ವ್ಯಾಪಾರಕ್ಕೆ ಒಳ್ಳೆಯದೆಂದು ಎಲ್ಲರೂ ಕೊಂಡಾಡಿದ ಈ ಬದಲಾವಣೆ ಒಂಟಿ ವ್ಯಾಪಾರಿಯಿಂದ ಅವನ ಏಕೈಕ ಮೇಲಧಿಕಾರಿಯನ್ನು ಕಿತ್ತುಕೊಂಡಿತು ಎಂದೇ ನನ್ನ ಅಭಿಪ್ರಾಯ.

ಆದ್ದರಿಂದ ರಜೆಯನ್ನೂ ದುಡ್ಡು ಕೊಟ್ಟು ಕೊಳ್ಳಬೇಕು. ದಿನದ ಸಂಗ್ರಹದಲ್ಲಿ ಒಂದು ಚಿಕ್ಕ ಪಾಲನ್ನು ಅಂಗಡಿ ಮುಚ್ಚಿದ ದಿನಗಳಿಗೆಂದೇ ಬೇರೆ ಖಾತೆಯಲ್ಲಿ ಇಡಿ. ಎರಡು ತಿಂಗಳ ಬಾಡಿಗೆ ಮತ್ತು ಕಂತಿನಷ್ಟು ಮೊತ್ತ ಅಲ್ಲಿ ಸೇರಿದವರು ವೈದ್ಯರ ಬಳಿ ಹೋಗಲು ಹಿಂಜರಿಯುವುದಿಲ್ಲ; ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಸಿಗುತ್ತದೆ. ಅದೇ ವರ್ಷದ ಮುದ್ರಾ ಯೋಜನೆಯ ಸಾಲಕ್ಕಾಗಿ ನಮ್ಮ ಕೌಂಟರಿಗೆ ಬಂದವರು ಈ ಫಾರಮಿಗೂ ಸಹಿ ಹಾಕಿಬಿಡಲಿ. ಆದರೆ ಅದು ಅಪಘಾತಕ್ಕೆ ಮಾತ್ರ. ಆಸ್ಪತ್ರೆಯ ಖರ್ಚಿಗೆ ಆರೋಗ್ಯವಿಮೆ ಬೇರೆಯೇ ಬೇಕು, ಅದನ್ನು ಕಾಯಿಲೆ ಬರುವ ಮೊದಲು ಮಾಡಿಸಬೇಕು.

ಮೇಲೆ ಹೇಳಿದ ಹೊಲಿಗೆಯವರು ಈಗ ಹೊಲಿಯುವಾಗಲೂ ಪಾದರಕ್ಷೆ ಹಾಕಿಕೊಳ್ಳುತ್ತಾರೆ. ಸಂಜೆ ಏಳಕ್ಕೆ ಬರುವ ಹುಡುಗ ನೂರು ರೂಪಾಯಿಯ ಜೊತೆಗೆ ಮಾತ್ರೆಯ ಪಟ್ಟಿಯನ್ನೂ ನೋಡಿ ಹೋಗುತ್ತಾನೆ. ಅಂಗಡಿಯ ಮುಂದೆ ಮರಾಠಿ, ಹಿಂದಿ, ಕನ್ನಡಗಳಲ್ಲಿ ‘ಮಧ್ಯಾಹ್ನ 1-30ರಿಂದ 2 ಊಟಕ್ಕೆ ಬಂದ್’ ಎಂಬ ರಟ್ಟಿನ ಫಲಕ ತೂಗುಹಾಕಿದ್ದಾರೆ. ಇದರಿಂದ ಎಷ್ಟು ಗಿರಾಕಿಗಳು ತಪ್ಪಿದರು ಎಂದು ಒಮ್ಮೆ ಕೇಳಿದೆ. ಲೆಕ್ಕ ಇಟ್ಟಿದ್ದರು. ಮೊದಲ ತಿಂಗಳಲ್ಲಿ ಏಳು ಮಂದಿ ತಿರುಗಿ ಹೋದರಂತೆ; ಅವರಲ್ಲಿ ಐವರು ಅದೇ ದಿನ ಸಂಜೆ ಬಂದರಂತೆ.