ಬೀದಿಗೆ ಬಿದ್ದ ಕುದುರೆಗೆ ಮನೆ ಹುಡುಕುವುದು

ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಒಂದು ಕಸದ ರಾಶಿಯ ಪಕ್ಕ, ಬೆಳಗಿನ ಐದೂವರೆಗೆ ಕಂದು ಬಣ್ಣದ ಹೆಣ್ಣು ಕುದುರೆಯೊಂದು ನಿಂತಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಮುಂದಿನ ಬಲಗಾಲನ್ನು ಪೂರ್ತಿ ಊರುತ್ತಿರಲಿಲ್ಲ. ಕುತ್ತಿಗೆಯಲ್ಲಿ ಹಗ್ಗ ಉಜ್ಜಿ ಕೂದಲು ಉದುರಿದ ಗುರುತಿತ್ತು, ಹಗ್ಗ ಇರಲಿಲ್ಲ. ಹಾಲು ತರಲು ಬಂದವರೊಬ್ಬರು ಅಯ್ಯೋ ಪಾಪ ಎಂದು ಎರಡು ಪ್ಯಾಕೆಟ್ ಬ್ರೆಡ್ಡು ತಂದು ಮುಂದೆ ಸುರಿದರು. ಎದುರು ಮನೆಯಾಕೆ ಬೇಯಿಸಿದ ಹುರುಳಿ ತಂದರು. ಕುದುರೆಗೆ ಹುರುಳಿ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ವಾರಗಟ್ಟಲೆ ಹೊಟ್ಟೆಗಿಲ್ಲದ ಕುದುರೆಗೆ ಆ ಬ್ರೆಡ್ಡು, ಆ ಹುರುಳಿಯೇ ಪ್ರಾಣಕ್ಕೆ ಮುಳುವಾಗಬಹುದು.

ನಾನು ಭಾನುವಾರಗಳಂದು ಊರಾಚೆಯ ಒಂದು ಪ್ರಾಣಿ ಆಶ್ರಯಧಾಮಕ್ಕೆ ಹೋಗುತ್ತೇನೆ. ಲದ್ದಿ ಎತ್ತುವುದು, ಹುಲ್ಲು ಹಾಕುವುದು, ಬಂದವರಿಗೆ ಉತ್ತರ ಹೇಳುವುದು ನನ್ನ ಕೆಲಸ. ‘ನಮ್ಮದು ಎರಡು ಎಕರೆ ಇದೆ, ಒಂದು ಕುದುರೆ ಕೊಡಿ, ಸಾಕಿಕೊಳ್ಳುತ್ತೇವೆ’ ಎಂದು ತಿಂಗಳಿಗೊಬ್ಬರಾದರೂ ಕೇಳುತ್ತಾರೆ. ಅವರಿಗೆ ಹೇಳಬೇಕಾದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಕುದುರೆ 25-30 ವರ್ಷ ಬದುಕುವ ಪ್ರಾಣಿ. ಕೆಲಸಕ್ಕೆ ಬಾರದು ಎಂದು ಹತ್ತನೆಯ ವರ್ಷಕ್ಕೆ ಬೀದಿಗೆ ಬಿಟ್ಟರೆ ಇನ್ನೂ 15 ವರ್ಷ ಅದಕ್ಕೆ ಹಸಿವಾಗುತ್ತದೆ. ಹುಡುಕಬೇಕಾದ್ದು ಆ 15 ವರ್ಷಕ್ಕೆ ಆಗುವ ಮನೆ.

ಬೀದಿಗೆ ಬರುವ ಕುದುರೆಗಳ ಹಿಂದೆ ನಾಲ್ಕೈದು ಕಸುಬುಗಳಿವೆ. ಮೈಸೂರಿನ ಟಾಂಗಾ, ಸಾರೋಟುಗಳಲ್ಲಿ ದುಡಿದು ಕಾಲು ಹೋದವು, ಊಟಿಯ ಕೆರೆ ದಂಡೆಯಲ್ಲಿ ಪ್ರವಾಸಿಗರನ್ನು ಹೊತ್ತವು, ಮದುವೆ ಮೆರವಣಿಗೆಗೆ ಬಾಡಿಗೆ ಹೋದವು, ರೇಸಿನಲ್ಲಿ ಓಡಿ ಆರೇಳು ವರ್ಷಕ್ಕೇ ನಿವೃತ್ತಿಯಾದವು. ರೇಸ್ ಕುದುರೆ ಸಾಮಾನ್ಯವಾಗಿ ನೇರ ಬೀದಿಗೆ ಬೀಳುವುದಿಲ್ಲ. ಸವಾರಿ ಶಾಲೆಗೆ, ಅಲ್ಲಿಂದ ಬಾಡಿಗೆಯವರಿಗೆ, ಅಲ್ಲಿಂದ ಇನ್ನೊಬ್ಬರಿಗೆ ಎಂದು ಕೈ ಬದಲಾಗುತ್ತ ಇಳಿಯುತ್ತದೆ. 2015ರಲ್ಲಿ ಬಾಂಬೆ ಹೈಕೋರ್ಟ್ ಮುಂಬೈನ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರ ಎಂದಾಗ ಗಾಡಿಯವರ ಹೊಟ್ಟೆಪಾಡಿನ ಜೊತೆ ಕುದುರೆಗಳ ಪಾಡೇನು ಎಂಬ ಪ್ರಶ್ನೆಯೂ ಎದ್ದಿತು. 2020ರ ಲಾಕ್‌ಡೌನ್‌ನಲ್ಲಿ ಸವಾರಿ ನಿಂತು, ಮದುವೆ ನಿಂತು, ತಾವೇ ಒಂದು ಹೊತ್ತು ಉಣ್ಣುತ್ತಿದ್ದ ಟಾಂಗಾದವರು ಕುದುರೆಗೆ ಹುಲ್ಲು ಎಲ್ಲಿಂದ ತರಬೇಕಿತ್ತು? ಬಿಟ್ಟುಹೋದವರೆಲ್ಲ ಕ್ರೂರಿಗಳು ಎಂದು ನಾನು ಹೇಳಲಾರೆ.

ಇನ್ನೊಂದು ಮಾತು. ಬೀದಿಯಲ್ಲಿ ಕಂಡ ಕುದುರೆಯೆಲ್ಲ ಅನಾಥವಲ್ಲ. ಹುಲ್ಲಿನ ಖರ್ಚು ಉಳಿಸಲು ರಾತ್ರಿ ಕಸದ ರಾಶಿಗೆ ಬಿಟ್ಟು ಬೆಳಿಗ್ಗೆ ಹಿಡಿದೊಯ್ಯುವವರೂ ಇದ್ದಾರೆ. ಆದ್ದರಿಂದ ಮೊದಲ ಕೆಲಸ ಮಾಲೀಕರನ್ನು ಹುಡುಕುವುದು. ಸುತ್ತಲ ಚಹಾ ಅಂಗಡಿ, ಹುಲ್ಲಿನ ಮಂಡಿ, ಲಾಳ ಹೊಡೆಯುವವರ ಹತ್ತಿರ ಕೇಳಿದರೆ ಅರ್ಧ ಪಾಲು ಅಲ್ಲೇ ಗೊತ್ತಾಗುತ್ತದೆ. ಜಾತಿ ಕುದುರೆಯ ಹಾಗೆ ಕಂಡರೆ ಪಶುವೈದ್ಯರು ಕುತ್ತಿಗೆಯ ಎಡಭಾಗಕ್ಕೆ ಸ್ಕ್ಯಾನರ್ ಹಿಡಿಯುತ್ತಾರೆ. ಮೈಕ್ರೋಚಿಪ್ ಇದ್ದರೆ ಹುಟ್ಟಿದ ಸ್ಟಡ್ ಫಾರ್ಮಿನವರೆಗೆ ಜಾಡು ಸಿಗುತ್ತದೆ. ಮಾಲೀಕರು ಸಿಕ್ಕರೆ ಬಿಟ್ಟುಕೊಟ್ಟ ಪತ್ರಕ್ಕೆ ಸಾಕ್ಷಿ ಸಮೇತ ಸಹಿ ಹಾಕಿಸಿಕೊಳ್ಳಬೇಕು. ಸಿಗದಿದ್ದರೆ ಪೊಲೀಸ್ ಠಾಣೆಗೆ ದೂರು, ಮಹಜರು, ಫೋಟೊ. ಈ ಕಾಗದ ಏಕೆ ಎನ್ನಬೇಡಿ. ಆರು ತಿಂಗಳು ಮೇಯಿಸಿ, ಕಾಲು ವಾಸಿಯಾಗಿ, ಮೈ ಮಿರುಗತೊಡಗಿದ ದಿನ ‘ಇದು ನಮ್ಮದು’ ಎಂದು ಬಂದು ನಿಂತವರನ್ನು ನಾನು ಕಂಡಿದ್ದೇನೆ.

ಕಾನೂನು ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಆ ದುಡ್ಡಿಗೆ ಈಗ ಕುದುರೆಯ ಒಂದು ಹೊತ್ತಿನ ಮೇವೂ ಬಾರದು. ಅದೇ ಕಾಯ್ದೆಯ 35ನೇ ಕಲಮು ಹೆಚ್ಚು ಪ್ರಯೋಜನದ್ದು: ಪ್ರಾಣಿಯನ್ನು ಆಶ್ರಯಧಾಮಕ್ಕೋ ಪಿಂಜರಾಪೋಳಕ್ಕೋ ಒಪ್ಪಿಸಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು, ಖರ್ಚನ್ನು ಮಾಲೀಕರಿಂದ ವಸೂಲು ಮಾಡಬಹುದು.

ಹಿಡಿದು ತಂದ ಕುದುರೆಯನ್ನು ಉಳಿದವುಗಳ ಜೊತೆ ಬಿಡುವಂತಿಲ್ಲ. ಕನಿಷ್ಠ ಮೂರು ವಾರ ಬೇರೆ ಲಾಯ, ಬೇರೆ ಬಕೆಟ್ಟು, ಬೇರೆ ಬ್ರಷ್ಷು. ಎಲ್ಲಕ್ಕಿಂತ ಹೆಚ್ಚಿನ ಭಯ ಗ್ಲ್ಯಾಂಡರ್ಸ್ ರೋಗದ್ದು. ಮೂಗಿನಿಂದ ಅಂಟಂಟು ಸ್ರಾವ, ಮೈಮೇಲೆ ಗಂಟು, ಹುಣ್ಣು ಅದರ ಲಕ್ಷಣ. ಏನೂ ಕಾಣಿಸದೆಯೂ ಇರಬಹುದು. ಇದು ಮನುಷ್ಯರಿಗೂ ಅಂಟುತ್ತದೆ. ಕೈಯಲ್ಲಿ ಗಾಯ ಇಟ್ಟುಕೊಂಡು ಬೀದಿ ಕುದುರೆಯ ಮೂಗು ಒರೆಸಬೇಡಿ. ಸರ್ಕಾರಿ ಪಶುವೈದ್ಯರ ಮೂಲಕ ರಕ್ತದ ಮಾದರಿ ಕಳಿಸಬೇಕು. ದೇಶದ ಮುಖ್ಯ ಪರೀಕ್ಷಾ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ರೋಗ ಖಚಿತವಾದರೆ ಚಿಕಿತ್ಸೆಯ ಮಾತೇ ಇಲ್ಲ, ಕಾನೂನಿನಂತೆ ದಯಾಮರಣ ಕೊಟ್ಟು ಆಳವಾಗಿ ಹೂಳುತ್ತಾರೆ. ವರದಿ ಬರುವವರೆಗೆ ಕುದುರೆಗೆ ಹೆಸರಿಡಲು ನನಗೆ ಮನಸ್ಸು ಬರುವುದಿಲ್ಲ.

ಈಗ ಹೊಟ್ಟೆಯ ವಿಷಯ. ಉಪವಾಸ ಬಿದ್ದ ದೇಹ ತನ್ನದೇ ಕೊಬ್ಬು, ಮಾಂಸ ಕರಗಿಸಿಕೊಂಡು ಉಸಿರಾಡುತ್ತಿರುತ್ತದೆ. ಅಂಥ ಹೊಟ್ಟೆಗೆ ಒಮ್ಮೆಲೆ ಕಾಳು, ಬ್ರೆಡ್ಡು, ಅನ್ನ ಬಿದ್ದರೆ ಇನ್ಸುಲಿನ್ ಉಕ್ಕುತ್ತದೆ. ರಕ್ತದಲ್ಲಿದ್ದ ಅಷ್ಟಿಷ್ಟು ರಂಜಕ, ಪೊಟ್ಯಾಶಿಯಂ, ಮೆಗ್ನೀಶಿಯಂ ಜೀವಕೋಶಗಳ ಒಳಗೆ ಹೋಗಿಬಿಡುತ್ತವೆ. ತಿನ್ನಿಸಿದ ದಿನ ಚೆನ್ನಾಗಿಯೇ ಕಂಡ ಕುದುರೆ ಮೂರರಿಂದ ಐದು ದಿನದೊಳಗೆ ಹೃದಯ ನಿಂತು ಬೀಳಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಬಡಕಲಾದ ಕುದುರೆಗಳಿಗೆ ಬೇರೆ ಬೇರೆ ಮೇವು ಹಾಕಿ ನೋಡಿ, ಒಣಗಿಸಿದ ಲೂಸರ್ನ್ ಸೊಪ್ಪು ಎಲ್ಲಕ್ಕಿಂತ ಮೇಲು ಎಂದು ಕಂಡುಕೊಂಡರು. ಆ ಸೊಪ್ಪಿಗೆ ನಮ್ಮ ರೈತರು ಇಟ್ಟ ಹೆಸರೇ ಕುದುರೆ ಮಸಾಲೆ. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಅರ್ಧ ಅರ್ಧ ಕಿಲೋ, ರಾತ್ರಿಯೂ ಎದ್ದು. ಆಮೇಲೆ ಮೆಲ್ಲಗೆ ಏರಿಸುತ್ತ ಹತ್ತನೆಯ ದಿನದ ಹೊತ್ತಿಗೆ ಹೊಟ್ಟೆ ತುಂಬ. ಹುರುಳಿಯ ಸರದಿ ಬಹಳ ಆಮೇಲೆ. ಬೀದಿಯಲ್ಲಿ ಇಂಥ ಕುದುರೆ ಕಂಡರೆ ನೀವು ಕೊಡಬಹುದಾದ್ದು ಒಂದು ಬಕೆಟ್ ನೀರು, ಒಂದು ಹಿಡಿ ಒಣಹುಲ್ಲು. ಜೊತೆಗೆ ಪಶುಪಾಲನಾ ಇಲಾಖೆಯ 1962 ಸಂಖ್ಯೆಗೆ ಒಂದು ಕರೆ.

ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಎನ್ನುತ್ತಾರೆ. ಕುದುರೆಗೆ ಹೊಸ ಮನೆ ಹುಡುಕುವವರು ಮೊದಲು ಹಲ್ಲೇ ನೋಡಬೇಕು. ಮೇಲ್ದವಡೆಯ ಅಂಚಿನ ಬಾಚಿಹಲ್ಲಿನಲ್ಲಿ ಹತ್ತನೆಯ ವರ್ಷದ ಸುಮಾರಿಗೆ ವಸಡಿನ ಬಳಿ ಒಂದು ಕಂದು ಗೆರೆ ಇಣುಕುತ್ತದೆ. ಹದಿನೈದಕ್ಕೆ ಅರ್ಧ ಹಲ್ಲಿಗೆ ಇಳಿದಿರುತ್ತದೆ, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ದವಡೆ ಹಲ್ಲುಗಳ ಅಂಚು ಚೂಪಾಗಿ ಬೆಳೆದು ಕೆನ್ನೆ ಕೊರೆಯುತ್ತಿದ್ದರೆ ಅರದಿಂದ ಉಜ್ಜಿ ಸಮ ಮಾಡಬೇಕು. ಎಷ್ಟೋ ಕುದುರೆಗಳು ಮೇವು ಸಿಗದೆ ಬಡವಾಗಿದ್ದಲ್ಲ, ಅಗಿಯಲಾಗದೆ.

ಹಲ್ಲು ವಯಸ್ಸು ಹೇಳಿದರೆ ಗೊರಸು ಕಳೆದ ವರ್ಷದ ಕಥೆ ಹೇಳುತ್ತದೆ. ಅಂದು ಕಸದ ರಾಶಿಯ ಬಳಿಯಿಂದ ನಮ್ಮ ಆಶ್ರಯಧಾಮಕ್ಕೆ ತಂದ ಕಂದು ಕುದುರೆಯ ಕಾಲು ನೋಡಲು ಬಂದವರು ಅರವತ್ತು ದಾಟಿದ ಸಾಬರು, ತಂದೆಯ ಕಾಲದಿಂದ ಲಾಳ ಹೊಡೆಯುವ ಮನೆತನ. ಮುಂಗಾಲನ್ನು ತಮ್ಮ ಎರಡು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಚಾಕುವಿನ ತುದಿಯಿಂದ ಮಣ್ಣು ಕೆರೆದು, ಗೊರಸಿನ ಮುಂಭಾಗಕ್ಕೆ ಹೆಬ್ಬೆರಳು ಆಡಿಸಿದರು. ‘ಇಲ್ಲಿ ನೋಡಮ್ಮ, ಏಣು ಸಿಗ್ತದಲ್ಲ? ಈ ಗೆರೆ ಬಿದ್ದಾಗ ಇದಕ್ಕೆ ಜ್ವರನೋ ಉಪವಾಸನೋ. ಆರು ತಿಂಗಳ ಹಿಂದಿನ ಮಾತು.’ ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ಬೆಳೆಯುತ್ತದೆ. ಮೇಲಂಚಿನಲ್ಲಿ ಹುಟ್ಟಿದ್ದು ನೆಲ ಮುಟ್ಟಲು ಹೆಚ್ಚುಕಡಿಮೆ ಒಂದು ವರ್ಷ. ಬೆಳೆದು ಚಪ್ಪಲಿಯ ಮೂತಿಯಂತೆ ಮುಂದೆ ಬಾಗಿದ್ದನ್ನು ಅವರು ಒಂದೇ ದಿನ ಕತ್ತರಿಸಲಿಲ್ಲ. ‘ಒಂದೇ ಸಲ ತೆಗೆದರೆ ನರ ಎಳೀತದೆ, ನಿಲ್ಲಕ್ಕಾಗಲ್ಲ’ ಎಂದು ಮೂರು ಕಂತು ಮಾಡಿದರು. ಆಮೇಲೂ ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು, ಬದುಕಿರುವಷ್ಟು ಕಾಲ. ಹೊಸ ಮನೆಯವರು ಮರೆಯುವ ಖರ್ಚು ಇದೇ. ಅವರ ಊರಿಗೆ ಬರುವ ಲಾಳದವರು ಯಾರು ಎಂದು ನಾವು ಮೊದಲೇ ಕೇಳುತ್ತೇವೆ. ಹೆಸರು ಹೇಳದಿದ್ದರೆ ಮಾತು ಮುಂದುವರಿಯುವುದಿಲ್ಲ.

ಗಂಡು ಕುದುರೆಯಾದರೆ ಬೀಜ ತೆಗೆಸಿಯೇ ಕಳಿಸಬೇಕು, ತೆಗೆಸಿದ ಮೇಲೂ ಐದಾರು ವಾರ ಹೆಣ್ಣುಗಳಿಂದ ದೂರ. ಹೆಣ್ಣಾದರೆ ಗಬ್ಬವೇ ಎಂದು ಪರೀಕ್ಷೆ ಆಗಬೇಕು. ಹನ್ನೊಂದು ತಿಂಗಳ ಗರ್ಭ, ಬಡಕಲು ಮೈಯಲ್ಲಿ ಬೇಗ ಕಾಣುವುದಿಲ್ಲ. ಧನುರ್ವಾಯು ಮತ್ತು ರೇಬೀಸ್ ಲಸಿಕೆ ತಪ್ಪದೆ ಹಾಕಿಸಬೇಕು.

ಇನ್ನು ಮನೆ. ‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ಇದೆ. ಅಂಥ ಕಾಲುನೋವಿನವರಿಗೆ ಬಿಟ್ಟುಹೋದ ಕುದುರೆಯನ್ನು ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಗನ ಹುಟ್ಟುಹಬ್ಬಕ್ಕೆ, ರೆಸಾರ್ಟಿನ ಅತಿಥಿಗಳಿಗೆ, ಫಾರ್ಮ್‌ಹೌಸಿನ ಅಂದಕ್ಕೆ ಕುದುರೆ ಕೇಳುವವರೇ ಹೆಚ್ಚು. ಬೀದಿಯಿಂದ ಬಂದ ಕುದುರೆಗಳಲ್ಲಿ ಬಹುಪಾಲು ಇನ್ನೆಂದೂ ಸವಾರಿಗೆ ಆಗುವಂಥವಲ್ಲ. ಮೇಯುತ್ತ ನಿಂತಿದ್ದನ್ನು ನೋಡಿಯೇ ತೃಪ್ತಿಪಡುವವರು ಬೇಕು.

ಅವರ ಹತ್ತಿರ ಏನಿರಬೇಕು? ಮೊದಲನೆಯದು ಜೊತೆ. ಕುದುರೆ ಗುಂಪಿನ ಪ್ರಾಣಿ, ಒಂಟಿಯಾಗಿಟ್ಟರೆ ಬೇಲಿ ಉದ್ದಕ್ಕೂ ಅಲೆದು ಕೊರಗುತ್ತದೆ. ಈಗಾಗಲೇ ಕುದುರೆಯೋ ಕತ್ತೆಯೋ ಇರುವ ಮನೆ, ಇಲ್ಲವೆಂದರೆ ಎರಡನ್ನು ಒಟ್ಟಿಗೆ ಕೊಂಡೊಯ್ಯುವವರು. ಎರಡನೆಯದು ಮೇವಿನ ಲೆಕ್ಕ. ಮೈತೂಕದ ನೂರಕ್ಕೆ ಎರಡು ಪಾಲು ಒಣಮೇವು ದಿನಕ್ಕೆ ಬೇಕು. 300 ಕಿಲೋದ ಟಾಂಗಾ ಕುದುರೆಗೆ 6 ಕಿಲೋ, ವರ್ಷಕ್ಕೆ ಎರಡು ಟನ್ ಮೀರುತ್ತದೆ. ನಿಮ್ಮೂರಿನ ರಾಗಿ ಹುಲ್ಲಿನ ದರಕ್ಕೆ ಗುಣಿಸಿ ನೋಡಿ, ಆಮೇಲೆ ಮಾತಾಡೋಣ. ಬರೀ ರಾಗಿ ಹುಲ್ಲಿನಲ್ಲಿ ಸತ್ವ ಸಾಲದು, ಸೊಪ್ಪು ಸೇರಬೇಕು. ಬಯಲುಸೀಮೆಯ ಎರಡೆಕರೆ ಆಗಸ್ಟಿನಲ್ಲಿ ಹಸಿರು, ಫೆಬ್ರವರಿಗೆ ಬರೀ ಮಣ್ಣು.

ಹಸು ಸಾಕಿದವರು ಕುದುರೆಗೂ ಅದೇ ಲೆಕ್ಕ ಅಂದುಕೊಳ್ಳುತ್ತಾರೆ. ಅಲ್ಲೇ ಅಪಾಯ. ದನ, ಕೋಳಿಗಳ ಕೆಲವು ಫೀಡುಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯದ ಸ್ನಾಯುವನ್ನೇ ತಿಂದುಹಾಕುತ್ತದೆ. ಕುದುರೆ ವಾಂತಿ ಮಾಡಲಾರದು, ತಿಂದದ್ದು ತಿಂದಂತೆಯೇ. ದೇವರ ಪೂಜೆಗೆಂದು ಬೇಲಿಗುಂಟ ಬೆಳೆಸಿದ ಕಣಗಿಲೆ ಅದಕ್ಕೆ ಘೋರ ವಿಷ, ಲಂಟಾನವೂ ಆಗದು. ಮುಳ್ಳುತಂತಿ ಬೇಲಿ ಇದ್ದರೆ ಮೊದಲು ಕಿತ್ತುಹಾಕಬೇಕು. ಬೆದರಿ ಓಡಿದ ಕುದುರೆಗೆ ಆ ತಂತಿ ಕಣ್ಣಿಗೆ ಬೀಳುವುದಿಲ್ಲ.

ನಾವು ಕುದುರೆಯನ್ನು ದಾನ ಮಾಡುವುದಿಲ್ಲ, ಸಾಕಲು ಒಪ್ಪಿಸುತ್ತೇವೆ. ಒಡೆತನ ಆಶ್ರಯಧಾಮದ್ದೇ. ಮಾರುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ, ಮರಿ ಹಾಕಿಸುವಂತಿಲ್ಲ, ಹೇಳದೆ ಕೇಳದೆ ನಾವು ಬಂದು ನೋಡಬಹುದು ಎಂದು ಕರಾರಿನಲ್ಲಿ ಬರೆದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಸಾಲು: ಸಾಕಲಾಗದಿದ್ದರೆ ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ ವಾಪಸು ತಂದುಕೊಡಬಹುದು. ಕೆಲಸ ಹೋಯಿತು, ಬೋರ್‌ವೆಲ್ ಬತ್ತಿತು, ಯಜಮಾನರು ತೀರಿಕೊಂಡರು ಎಂದು ತಂದುಬಿಟ್ಟವರಿದ್ದಾರೆ. ಅವರಿಗೆ ಚಹಾ ಕೊಟ್ಟು ಕಳಿಸುತ್ತೇವೆ. ಬೈದರೆ ಮುಂದಿನವರು ನಮ್ಮ ಹತ್ತಿರ ತರುವುದಿಲ್ಲ, ಕಸದ ರಾಶಿಯ ಹತ್ತಿರ ಬಿಡುತ್ತಾರೆ.

ಮನೆ ಸಿಗದವೂ ಇವೆ. ಕುರುಡಾದವು, ಕೀಲು ಸವೆದು ದಿನವೂ ಔಷಧ ಬೇಕಾದವು ಆಶ್ರಯಧಾಮದಲ್ಲೇ ಕಾಲ ಕಳೆಯುತ್ತವೆ. ಮಸಿನಗುಡಿ ಹತ್ತಿರದ ಮಾವನಹಳ್ಳದಲ್ಲಿ ಐಪ್ಯಾನ್ ಎಂಬ ಸಂಸ್ಥೆ ನಡೆಸುವ ಧಾಮದಂಥ ಕಡೆ ಇಂಥ ಕುದುರೆ, ಕತ್ತೆಗಳು ಹಿಂಡಾಗಿ ಬದುಕುತ್ತಿವೆ. ಎರಡೆಕರೆ ಇಲ್ಲದವರು ಒಂದು ಕುದುರೆಯ ತಿಂಗಳ ಮೇವಿನ ಖರ್ಚು ಹೊತ್ತರೂ ಸಾಕು, ಅದೂ ಮನೆ ಕೊಟ್ಟಂತೆಯೇ.

ಸಾಗಿಸುವ ದಿನಕ್ಕೆ 1978ರ ಪ್ರಾಣಿ ಸಾಗಣೆ ನಿಯಮಗಳಿವೆ. ಜಾರದ ನೆಲಹಾಸು, ಕುದುರೆಗಳ ನಡುವೆ ದಪ್ಪ ಬಿದಿರಿನ ಗಳು, ಜೊತೆಗೊಬ್ಬ ಆಳು, ಗಂಟೆಗೆ 35 ಕಿಲೋಮೀಟರಿಗಿಂತ ಹೆಚ್ಚಿಲ್ಲದ ವೇಗ. ಎದುರು ಬರುವ ವಾಹನಗಳಿಗೆ ಬೆದರದಂತೆ ಮುಖ ರಸ್ತೆಯ ಎಡಕ್ಕಿರಬೇಕು ಎಂದೂ ಇದೆ. ಕುದುರೆಯನ್ನು ಬಲ್ಲ ಯಾರೋ ಬರೆದ ನಿಯಮ. ಬೆಳಕಿರುವಾಗಲೇ ತಲುಪುವಂತೆ ಹೊರಡಬೇಕು. ಇಳಿಸಿದ ಮೇಲೆ ಬೇಲಿಯ ಸುತ್ತ ಒಮ್ಮೆ ನಡೆಸಿ, ನೀರಿನ ತೊಟ್ಟಿ ತೋರಿಸಿ, ಆಮೇಲೆ ಹಗ್ಗ ಬಿಚ್ಚಬೇಕು.

ಕಂದು ಕುದುರೆ ಹತ್ತು ತಿಂಗಳ ನಂತರ ಕನಕಪುರ ಕಡೆಯ ಒಂದು ತೋಟಕ್ಕೆ ಹೋಯಿತು. ಅಲ್ಲಿ ಮೊದಲೇ ಒಂದು ಮುದಿ ತಟ್ಟು ಇತ್ತು. ಮೂರನೆಯ ವಾರ ನಾನು ಹೇಳದೆಯೇ ಹೋದೆ. ತೊಟ್ಟಿಯಲ್ಲಿ ನೀರಿತ್ತು, ಗೊರಸು ಚೊಕ್ಕಟವಾಗಿತ್ತು. ಆದರೆ ನಾನು ನೋಡಲು ಹೋದದ್ದು ಬೇರೆ. ಕುದುರೆ ನಿಂತೇ ತೂಕಡಿಸುತ್ತದೆ, ಆದರೆ ಗಾಢ ನಿದ್ದೆಗೆ ನೆಲಕ್ಕೆ ಮೈ ಚೆಲ್ಲಲೇಬೇಕು. ಅಂಜಿಕೆ ಇರುವ ಕಡೆ ಅದು ಮಲಗುವುದಿಲ್ಲ. ಆಶ್ರಯಧಾಮದಲ್ಲಿ ಇದು ಮಲಗಿದ್ದನ್ನು ಮೊದಲ ಎರಡು ತಿಂಗಳು ಯಾರೂ ಕಂಡಿರಲಿಲ್ಲ. ಬೇಲಿ ದಾಟಿ ಹತ್ತಿರ ಹೋದೆ. ಎಡಪಕ್ಕೆಯ ತುಂಬ ಕೆಮ್ಮಣ್ಣು ಮೆತ್ತಿತ್ತು, ಜೂಲಿನಲ್ಲಿ ನಾಲ್ಕು ಹುಲ್ಲಿನ ಎಳೆ ಸಿಕ್ಕಿಕೊಂಡಿದ್ದವು.