ಶಕ್ತಿಯಿದ್ದಷ್ಟು ತಪ

ಕಳೆದ ವರ್ಷದ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ಮೂರನೆಯ ದಿನ, ಅಮ್ಮಿನಬಾವಿಯ ನಮ್ಮ ಬಸದಿಯಲ್ಲಿ ಉತ್ತಮ ಆರ್ಜವ ಧರ್ಮದ ಪೂಜೆ ನಡೆದಿತ್ತು. ಹೊರಗೆ ಮಳೆ ಹಿಡಿದಿತ್ತು. ಹೆಸರು ಬಿಡಿಸುವ ಹಂಗಾಮು. ಹೊಲಕ್ಕೆ ಕಾಲಿಡಲಾಗದ ರೈತ ಶ್ರಾವಕರೆಲ್ಲ ಅಂದು ಬಸದಿಯಲ್ಲಿಯೇ ಇದ್ದರು. ಅರ್ಘ್ಯ ಅರ್ಪಿಸಲು ಎದ್ದು ನಿಂತ ನನಗೆ ಎದೆಯೊಳಗೆ ಏನೋ ಜಾರಿದಂತಾಯಿತು. ಒಂದು ಬಡಿತ ತಪ್ಪಿತು. ಮರುಬಡಿತ ಗುದ್ದಿದ ಹಾಗೆ ಬಂದಿತು. ಆಮೇಲೆ ಲೆಕ್ಕಕ್ಕೇ ಸಿಗದಂತೆ ಎದೆ ತತ್ತರಿಸತೊಡಗಿತು. ಕಣ್ಣಿಗೆ ಕತ್ತಲು ಕವಿದು ಕಂಬಕ್ಕೆ ಒರಗಿ ಕುಳಿತೆ. ಮಗನು ಕಾರಿನಲ್ಲಿ ಮಲಗಿಸಿಕೊಂಡು ಧಾರವಾಡದ ಆಸ್ಪತ್ರೆಗೆ ಒಯ್ದ.

ಅಂದು ನನ್ನ ಉಪವಾಸದ ಮೂರನೆಯ ದಿನವಾಗಿತ್ತು. ಹಿಂದಿನ ಎರಡು ದಿನ ಹಗಲಿನಲ್ಲಿ ತುಸು ಕಾಯಿಸಿದ ನೀರನ್ನು ಬಿಟ್ಟರೆ ಬೇರೇನನ್ನೂ ಸೇವಿಸಿರಲಿಲ್ಲ. ಆ ನೀರಿನೊಂದಿಗೇ ಎಂಟು ವರ್ಷಗಳಿಂದ ನನ್ನ ಬೆನ್ನಿಗಿರುವ ರಕ್ತದ ಕ್ಯಾನ್ಸರಿನ ಔಷಧವನ್ನೂ ನುಂಗಿದ್ದೆ. ಉಪವಾಸದ ಸಂಗತಿಯನ್ನು ವೈದ್ಯರಿಗೆ ತಿಳಿಸಿರಲಿಲ್ಲ. ತಿಳಿಸಿದರೆ ಬೇಡವೆನ್ನುತ್ತಾರೆಂಬುದು ನನಗೆ ಗೊತ್ತಿತ್ತು. ಆರ್ಜವವೆಂದರೆ ಮನಸ್ಸು, ಮಾತು, ನಡೆ ಮೂರೂ ಒಂದೇ ಎಳೆಯಾಗಿರುವ ಸರಳತೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದ ಮಾಸ್ತರನು ಆರ್ಜವದ ದಿನವೇ ತನ್ನ ಕಪಟದ ಫಲವನ್ನು ಉಂಡನು. ಹಿಂದಿನ ದಿನದ ಮಾರ್ದವವೂ ನನ್ನಲ್ಲಿ ಪೂರ್ತಿ ಇರಲಿಲ್ಲವೆಂದು ಇಂದು ಒಪ್ಪಿಕೊಳ್ಳುತ್ತೇನೆ. 'ಮಾಸ್ತರು ಈ ಜಡ್ಡಿನಾಗೂ ಉಪವಾಸ ಬಿಡಲಿಲ್ಲ ನೋಡ್ರಿ' ಎಂಬ ಮಾತು ಕಿವಿಗೆ ಇಂಪಾಗಿ ಕೇಳಿತ್ತು.

ಈ ರೋಗದ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂದು ಇದರ ಹೆಸರು. ನಮ್ಮ ಜೀವಕೋಶದ 9 ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಾಗ ಬಿಳಿ ರಕ್ತಕಣಗಳು ಅಂಕೆಯಿಲ್ಲದೆ ಹೆಚ್ಚುತ್ತವೆ. ಆ ವಿಕೃತ ವರ್ಣತಂತುವನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಗುರುತಿಸಿದರು. ತುಂಡುಗಳ ಅದಲುಬದಲನ್ನು 1973ರಲ್ಲಿ ಜಾನೆಟ್ ರೌಲಿ ಎಂಬ ವಿಜ್ಞಾನಿ ತೋರಿಸಿಕೊಟ್ಟರು. 2001ರಲ್ಲಿ ಇಮ್ಯಾಟಿನಿಬ್ ಎಂಬ ಮಾತ್ರೆ ಬಳಕೆಗೆ ಬಂದ ಮೇಲೆ, ಕೆಲವೇ ವರ್ಷಗಳಲ್ಲಿ ಪ್ರಾಣ ಒಯ್ಯುತ್ತಿದ್ದ ಈ ರೋಗವು ನಿತ್ಯ ಮಾತ್ರೆ ನುಂಗಿ ಬಾಳಬಹುದಾದ ರೋಗವಾಯಿತು. ನನಗೂ ಮೊದಲು ಅದನ್ನೇ ಕೊಟ್ಟಿದ್ದರು. ಮೂರು ವರ್ಷದ ಬಳಿಕ ಅದು ಸಾಲದಾದಾಗ ನಿಲೋಟಿನಿಬ್ ಎಂಬ ಇನ್ನೊಂದನ್ನು ಬರೆದುಕೊಟ್ಟರು.

ಈ ಎರಡನೆಯ ಔಷಧಕ್ಕೆ ಎರಡು ಗುಣಗಳುಂಟು. ಇದನ್ನು ಸುಮಾರು 12 ತಾಸುಗಳ ಅಂತರದಲ್ಲಿ ದಿನಕ್ಕೆ ಎರಡು ಸಲ, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಅದಕ್ಕೆ ಮುಂಚೆ ಎರಡು ತಾಸು, ಆಮೇಲೆ ಒಂದು ತಾಸು ಏನನ್ನೂ ತಿನ್ನಬಾರದು. ಇನ್ನೊಂದು, ಇದು ಹೃದಯದ ವಿದ್ಯುತ್ ನಡೆಯನ್ನು ತುಸು ನಿಧಾನಗೊಳಿಸಬಲ್ಲದು. ಪ್ರತಿ ಬಡಿತದ ನಂತರ ಹೃದಯವು ಮುಂದಿನ ಬಡಿತಕ್ಕೆ ಸಜ್ಜಾಗಲು ಒಂದಿಷ್ಟು ಅವಧಿ ಬೇಕು. ಇ.ಸಿ.ಜಿ.ಯಲ್ಲಿ ಆ ಅವಧಿಯನ್ನು ಕ್ಯೂಟಿ ಅಂತರವೆಂದು ಅಳೆಯುತ್ತಾರೆ. ಅದು ಮಿತಿಮೀರಿ ಹಿಗ್ಗಿದರೆ ಬಡಿತದ ಲಯ ಕೆಡುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಕುತ್ತು ಬರುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ಕಡಿಮೆಯಾದಾಗ ಈ ಭಯ ಇಮ್ಮಡಿಸುತ್ತದೆ. ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ನಡುವೆ ಇರಬೇಕು. ಆ ದಿನ ನನ್ನದು 2.9 ಇತ್ತು. ಎರಡು ದಿನದ ನಿರಾಹಾರ ಒಂದು ಕಡೆ. ಮೈಯ ನೀರನ್ನು ಮೂತ್ರವಾಗಿ ಹೊರಹಾಕುವ ರಕ್ತದೊತ್ತಡದ ಮಾತ್ರೆ ಇನ್ನೊಂದು ಕಡೆ. ಪರ್ವಕ್ಕೆ ಮುಂಚಿನ ವಾರ ಕಾಡಿದ ಹೊಟ್ಟೆಯ ತೊಂದರೆ ಮತ್ತೊಂದು ಕಡೆ. ಮೂರೂ ಕೂಡಿಕೊಂಡಿದ್ದವು. 'ಔಷಧವನ್ನು ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಿರೆಂದು ವೈದ್ಯರೇ ಹೇಳಿದ್ದಾರಲ್ಲ, ಉಪವಾಸದಲ್ಲಿ ಇನ್ನೂ ಒಳ್ಳೆಯದೇ' ಎಂದು ನಾನು ಹೂಡಿದ್ದ ತರ್ಕವನ್ನು ನೆನೆದರೆ ಈಗ ನಗೆ ಬರುತ್ತದೆ.

ವೈದ್ಯರು ನಿಲೋಟಿನಿಬ್‌ ಅನ್ನು ಕೆಲವು ದಿನ ನಿಲ್ಲಿಸಿ, ಲವಣಗಳನ್ನು ರಕ್ತನಾಳದ ಮೂಲಕ ತುಂಬಿ, ರಕ್ತದೊತ್ತಡದ ಮಾತ್ರೆಯನ್ನು ಬದಲಿಸಿದರು. ಕ್ಯೂಟಿ ಅಂತರ ಹದಕ್ಕೆ ಬಂದ ಮೇಲೆ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸಿದರು. ಐದನೆಯ ದಿನ ಮನೆಗೆ ಬಂದೆ. ಹೃದಯ ಒಂದು ಹದಕ್ಕೆ ಬಂದಿತ್ತು, ಮನಸ್ಸು ಬಂದಿರಲಿಲ್ಲ.

ಸಾಮಾಯಿಕಕ್ಕೆ ಕುಳಿತರೆ ಕಿವಿ ಎದೆಯ ಕಡೆಗೆ ಹೋಗುತ್ತಿತ್ತು. ಎಡಗೈಯ ಮಣಿಕಟ್ಟಿನ ಮೇಲೆ ಬಲಗೈಯ ಬೆರಳು ತಾನಾಗಿಯೇ ಏರುತ್ತಿತ್ತು. ಕಾಯೋತ್ಸರ್ಗವೆಂದರೆ ಕಾಯದ ಮೇಲಿನ ಮಮತೆಯನ್ನು ಬಿಟ್ಟು ನಿಲ್ಲುವುದು. ನಾನು ನಾಡಿ ಹಿಡಿದುಕೊಂಡು ಕಾಯೋತ್ಸರ್ಗ ಮಾಡುತ್ತಿದ್ದೆ! ರಾತ್ರಿ ಒಂದು ಬಡಿತ ತಪ್ಪಿದರೆ ಮನೆಯವಳನ್ನು ಎಬ್ಬಿಸುತ್ತಿದ್ದೆ. 'ನೀವು ಮಲಕೊಳ್ರಿ, ನಾ ಎಚ್ಚರ ಇರತೀನಿ' ಎಂದು ಆಕೆ ದೀಪ ಹಚ್ಚಿ ಕುಳಿತುಕೊಳ್ಳುತ್ತಿದ್ದಳು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಆರ್ತಧ್ಯಾನದ ನಾಲ್ಕು ಬಗೆಗಳನ್ನು ಹೇಳುತ್ತಾರೆ. ಬೇಡವಾದದ್ದು ಕೂಡಿದಾಗಿನದು, ಬೇಕಾದದ್ದು ಅಗಲಿದಾಗಿನದು, ವೇದನೆಯದು, ನಿದಾನ. ಈ ನಿದಾನವು ವೈದ್ಯರು ಮಾಡುವ ರೋಗನಿದಾನವಲ್ಲ. ಮುಂದಿನ ಭೋಗಕ್ಕಾಗಿ ಹಂಬಲಿಸುವುದಕ್ಕೆ ಆಗಮದಲ್ಲಿ ಆ ಹೆಸರು. ನನ್ನನ್ನು ಹಿಡಿದಿದ್ದು ಮೂರನೆಯದು. ನೋವಿನ ಸುತ್ತಲೇ ಚಿತ್ತವನ್ನು ಗಾಣದೆತ್ತಿನಂತೆ ತಿರುಗಿಸುವ ಆ ಧ್ಯಾನಕ್ಕೂ ಏಕಾಗ್ರತೆ ಬಹಳ. ಧರ್ಮಧ್ಯಾನದಲ್ಲಿ ನನಗೆಂದೂ ಅಷ್ಟು ಏಕಾಗ್ರತೆ ದೊರೆತಿರಲಿಲ್ಲ.

ಇನ್ನೊಂದು ಕೊರಗೂ ಇತ್ತು. ರೋಗ ಬಂದಿದ್ದು ಅಸಾತಾವೇದನೀಯ ಕರ್ಮದ ಉದಯದಿಂದ. ಅದನ್ನು ಸಮತೆಯಿಂದ ಅನುಭವಿಸಿ ತೀರಿಸುವುದನ್ನು ಬಿಟ್ಟು ಔಷಧಕ್ಕೆ ಜೋತುಬಿದ್ದು ಹೃದಯವನ್ನೂ ಕೆಡಿಸಿಕೊಂಡೆನೇ? ಔಷಧ ಬಿಟ್ಟು ಶಾಂತವಾಗಿ ಸಲ್ಲೇಖನದ ದಾರಿ ಹಿಡಿಯುವುದೇ ಶ್ರಾವಕನಿಗೆ ಲೇಸಲ್ಲವೇ? ಸಮೀಪದ ಊರಿನಲ್ಲಿ ಚಾತುರ್ಮಾಸದಲ್ಲಿದ್ದ ಮುನಿಶ್ರೀಗಳ ಬಳಿಗೆ ಹೋಗಿ ಇದನ್ನು ನಿವೇದಿಸಿಕೊಂಡೆ. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: 'ವೈದ್ಯರು ಏನು ಹೇಳುತ್ತಾರೆ? ರೋಗ ಹಿಡಿತದಲ್ಲಿದೆಯೋ ಇಲ್ಲವೋ?' ಹಿಡಿತದಲ್ಲಿದೆ ಎಂದೆ. 'ಹಾಗಿದ್ದರೆ ಸಮಂತಭದ್ರರ ಚರಿತ್ರೆಯನ್ನು ಇನ್ನೊಮ್ಮೆ ಓದಿ ಬನ್ನಿ' ಎಂದಷ್ಟೇ ಹೇಳಿ ಸ್ವಾಧ್ಯಾಯಕ್ಕೆ ಕುಳಿತರು.

ಓದಿದೆ. ಶ್ರಾವಕರ ಆಚಾರಕ್ಕೆ ಕೈಪಿಡಿಯಂತಿರುವ ರತ್ನಕರಂಡಕ ಶ್ರಾವಕಾಚಾರವನ್ನು ರಚಿಸಿದ ಆಚಾರ್ಯ ಸಮಂತಭದ್ರರಿಗೆ ಭಸ್ಮಕವೆಂಬ ರೋಗ ತಗುಲಿದ ಕಥೆಯನ್ನು ನಮ್ಮ ಕನ್ನಡದ ದೇವಚಂದ್ರನು ರಾಜಾವಳಿ ಕಥೆಯಲ್ಲಿ ಹೇಳಿದ್ದಾನೆ. ಉಂಡದ್ದೆಲ್ಲ ಬೂದಿಯಾಗಿ ಹಸಿವು ಎಂದೂ ಹಿಂಗದ ರೋಗವದು. ದಿನಕ್ಕೊಮ್ಮೆ, ಕೈಯಲ್ಲಿ ಹಿಡಿದಷ್ಟೇ ಆಹಾರ ಕೊಳ್ಳುವ ದಿಗಂಬರ ಮುನಿಗೆ ಇದಕ್ಕಿಂತ ಕಠಿಣವಾದ ರೋಗವುಂಟೇ? ಅವರು ಗುರುಗಳಲ್ಲಿ ಸಲ್ಲೇಖನವನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ. ನಿನ್ನಿಂದ ಧರ್ಮದ ಕಾರ್ಯ ಇನ್ನೂ ಆಗಬೇಕಿದೆ, ರೋಗವನ್ನು ಕಳೆದುಕೊಂಡು ಮರಳಿ ದೀಕ್ಷೆ ಪಡೆ ಎಂದರು. ಅಂತಹ ಮಹಾತಪಸ್ವಿ ಮುನಿವೇಷವನ್ನೇ ತಾತ್ಕಾಲಿಕವಾಗಿ ತ್ಯಜಿಸಿ, ಶಿವಕೋಟಿಯೆಂಬ ಅರಸನ ಶಿವಾಲಯದ ನೈವೇದ್ಯವನ್ನು ಉಂಡು ರೋಗವನ್ನು ಶಮನಗೊಳಿಸಿಕೊಂಡರು. ಆಮೇಲೆ ಮತ್ತೆ ಮುನಿಗಳಾದರು. ಅದೇ ಆಚಾರ್ಯರ ಶ್ರಾವಕಾಚಾರದಲ್ಲಿ ಸಲ್ಲೇಖನದ ಲಕ್ಷಣ ಬರುತ್ತದೆ: ಉಪಸರ್ಗ, ಬರಗಾಲ, ಮುಪ್ಪು, ರೋಗ ಇವು ಪರಿಹಾರವೇ ಇಲ್ಲದಂತೆ ಬಂದೆರಗಿದಾಗ ಮಾತ್ರ. ಪ್ರತೀಕಾರವಿಲ್ಲದ ರೋಗವೆಂಬ ಆ ಒಂದು ವಿಶೇಷಣವನ್ನು ನಾನು ಎಷ್ಟೋ ಸಲ ಓದಿ ದಾಟಿ ಹೋಗಿದ್ದೆ. ನನ್ನ ರೋಗಕ್ಕೆ ಪ್ರತೀಕಾರವಿದೆ. ದಿನಕ್ಕೆರಡು ಸಲ ಅಂಗೈಯಲ್ಲಿಯೇ ಇರುತ್ತದೆ.

ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಮಾತೇನು ಎಂದು ಬಲ್ಲವರು ಕೇಳಬಹುದು. ಆತ ಮುನಿಯಾದ ಮೇಲೆ ಮೈತುಂಬ ರೋಗಗಳು ಬಂದವು. ವೈದ್ಯರ ವೇಷದಲ್ಲಿ ಬಂದ ದೇವತೆಗಳ ಚಿಕಿತ್ಸೆಯನ್ನು ಆತ ಒಲ್ಲೆನೆಂದು, ಸಂಸಾರವೆಂಬ ವ್ಯಾಧಿಗೆ ಮದ್ದನ್ನು ಕೇಳಿದ. ರೋಗ ಪರೀಷಹವನ್ನು ಗೆದ್ದ ಆ ಮಹಾತ್ಮನಿಗೆ ನಮೋಸ್ತು. ಆದರೆ ಅದು ಮಹಾವ್ರತಿಯ ದಾರಿ. ಚಕ್ರರತ್ನವನ್ನೇ ಬಿಟ್ಟುಹೋದವನ ಮಾತನ್ನು ನಿವೃತ್ತಿ ವೇತನದ ದಿನವನ್ನು ಎಣಿಸುವ ಅಣುವ್ರತಿಯಾದ ನಾನು ಎರವಲು ಪಡೆಯಲಾರೆ.

ಔಷಧಕ್ಕೂ ಜೈನರಿಗೂ ಹಗೆತನವೇನೂ ಇರಲಿಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಬರೆದು, ಮಾಂಸವಿಲ್ಲದೆಯೇ ಚಿಕಿತ್ಸೆ ಸಾಧ್ಯವೆಂದು ಪ್ರತಿಪಾದಿಸಿದರು. ಕನ್ನಡದಲ್ಲಿ ಕೀರ್ತಿವರ್ಮನು ಗೋವೈದ್ಯವನ್ನೂ ಮಂಗರಾಜನು ವಿಷಚಿಕಿತ್ಸೆಯ ಖಗೇಂದ್ರಮಣಿದರ್ಪಣವನ್ನೂ ಬರೆದರು, ಇಬ್ಬರೂ ಜೈನರೇ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನದಲ್ಲಿ ಔಷಧವಿದೆ. ಕೊಡುವವನಿಗೆ ಪುಣ್ಯ ತರುವ ವಸ್ತು ಕೊಳ್ಳುವವನಿಗೆ ಪಾಪವಾಗುವುದೆಂತು? ನನ್ನಂಥವರ ಮಾತ್ರೆಯ ಮೇಲೆ ನಮ್ಮ ಸರ್ವೋಚ್ಚ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವ್ಯಾಜ್ಯವೂ ನಡೆಯಿತು. ಇಮ್ಯಾಟಿನಿಬ್‌ನ ಹೊಸ ರೂಪಕ್ಕೆ ಪೇಟೆಂಟ್ ಬೇಕೆಂದು ಕೇಳಿದ್ದ ಕಂಪನಿಯ ಮನವಿಯನ್ನು 2013ರ ಏಪ್ರಿಲ್ 1ರಂದು ನ್ಯಾಯಾಲಯ ತಿರಸ್ಕರಿಸಿತು. ದೇಶೀಯ ಕಂಪನಿಗಳ ಅಗ್ಗದ ಮಾತ್ರೆ ಬಡವರ ಕೈಗೆ ಎಟುಕುವ ದಾರಿ ಉಳಿಯಿತು. ಅಷ್ಟು ಜನರ ಪರಿಶ್ರಮದಿಂದ ಬಂದದ್ದನ್ನು ತಿರಸ್ಕಾರದಿಂದ ನುಂಗುವುದು ಸಲ್ಲದೆಂದು ನನಗೆ ಅನ್ನಿಸುತ್ತದೆ. ಒಂದು ಅಳುಕು ಮಾತ್ರ ಉಳಿದಿದೆ, ಮುಚ್ಚಿಡುವುದಿಲ್ಲ. ಹಲವು ಕ್ಯಾಪ್ಸೂಲುಗಳ ಹೊದಿಕೆಯನ್ನು ಪ್ರಾಣಿಜನ್ಯವಾದ ಜೆಲಟಿನ್‌ನಿಂದ ಮಾಡುತ್ತಾರೆ. ನನಗೆ ಬೇರೆ ರೂಪದಲ್ಲಿ ಔಷಧ ದೊರೆಯಲಿಲ್ಲ. ದಿನದ ಪ್ರತಿಕ್ರಮಣದಲ್ಲಿ ಅದನ್ನು ಹೆಸರಿಸಿ ಆಲೋಚನೆ ಮಾಡುತ್ತೇನೆ. ಉಗ್ರಾದಿತ್ಯರು ಏನೆನ್ನುತ್ತಿದ್ದರೋ.

ಎರಡನೆಯ ಸಲ ಹೋದಾಗ ಮುನಿಶ್ರೀಗಳು ತೀರ್ಥಂಕರ ನಾಮಕರ್ಮಕ್ಕೆ ಕಾರಣವಾಗುವ ಹದಿನಾರು ಭಾವನೆಗಳನ್ನು ನನ್ನಿಂದ ಹೇಳಿಸಿದರು. ಷೋಡಶಕಾರಣವನ್ನು ಬಾಯಿಪಾಠವಾಗಿ ಒಪ್ಪಿಸುತ್ತ ಹೋದೆ. ತ್ಯಾಗ, ತಪಗಳ ಬಳಿ ಬಂದಾಗ ತಡೆದು, 'ಅವುಗಳ ಹಿಂದೆ ಯಾವ ಪದವಿದೆ?' ಎಂದರು. 'ಶಕ್ತಿತಃ' ಎಂದೆ. ಶಕ್ತಿಗೆ ತಕ್ಕಂತೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು ಎಂದು ಅರ್ಥ ಹೇಳಿದರು. ಹನ್ನೆರಡು ತಪಗಳಲ್ಲಿ ಅನಶನ ಒಂದು; ನಿನಗೆ ಹನ್ನೊಂದು ಉಳಿದಿವೆಯಲ್ಲ ಎಂದು ನಕ್ಕರು. ರಾತ್ರಿಭೋಜನ ತ್ಯಾಗದ ವ್ರತಕ್ಕೆ ಔಷಧ ಮತ್ತು ನೀರಿನ ವಿನಾಯಿತಿಯನ್ನು ಕೊಟ್ಟರು.

ನನ್ನ ದಿನಚರಿ ಈಗ ಹೀಗಿದೆ. ಬೆಳಗಿನ ಆರೂವರೆಗೆ ಒಂದು ಸಲ, ಸಂಜೆ ಆರೂವರೆಗೆ ಇನ್ನೊಂದು ಸಲ ಔಷಧ. ಸಂಜೆಯ ಊಟ ನಾಲ್ಕೂವರೆಯೊಳಗೆ ಮುಗಿಯುತ್ತದೆ; ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ನಮ್ಮ ಪದ್ಧತಿಗೂ ಈ ಔಷಧದ ನಿಯಮಕ್ಕೂ ಎಷ್ಟು ಚೆನ್ನಾಗಿ ಹೊಂದಿಕೆಯಾಯಿತು ನೋಡಿ! ಬಾಳೆಹಣ್ಣು, ಎಳನೀರು ತಪ್ಪಿಸುವುದಿಲ್ಲ. (ಮೂತ್ರಪಿಂಡದ ತೊಂದರೆಯುಳ್ಳವರು ಇವನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.) ಜ್ವರ, ಕೆಮ್ಮು ಬಂದು ಬೇರೆ ವೈದ್ಯರ ಬಳಿಗೆ ಹೋದರೆ ನಿಲೋಟಿನಿಬ್‌ನ ಹೆಸರನ್ನು ಮೊದಲು ಹೇಳುತ್ತೇನೆ, ಕೆಲವು ಆ್ಯಂಟಿಬಯೋಟಿಕ್ ಔಷಧಗಳೂ ಕ್ಯೂಟಿ ಅಂತರವನ್ನು ಹಿಗ್ಗಿಸುತ್ತವೆ. ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಇ.ಸಿ.ಜಿ., ರಕ್ತಪರೀಕ್ಷೆ. ಎದೆ ಹಾರಿತೆಂದು ನನ್ನಷ್ಟಕ್ಕೆ ನಾನೇ ಔಷಧ ನಿಲ್ಲಿಸುವುದಿಲ್ಲ. ತಲೆಸುತ್ತಿ ಬಂದರೆ, ಕಣ್ಣು ಕತ್ತಲಿಟ್ಟರೆ ಮನೆಯಲ್ಲಿ ಕುಳಿತು ಜಪ ಮಾಡುತ್ತ ಕಾಯುವುದೂ ಇಲ್ಲ, ಆಸ್ಪತ್ರೆಗೆ ಹೋಗುತ್ತೇನೆ. ಜಪವನ್ನು ದಾರಿಯಲ್ಲಿಯೂ ಮಾಡಬಹುದು.

ಬಡಿತ ತಪ್ಪುವುದು ಪೂರ್ತಿ ನಿಂತಿಲ್ಲ. ಅಲ್ಲೊಂದು ಇಲ್ಲೊಂದು ಬರುತ್ತದೆ. ಇಷ್ಟಕ್ಕೆ ಹೆದರಬೇಕಿಲ್ಲವೆಂದು ಪರೀಕ್ಷೆ ಮಾಡಿಯೇ ವೈದ್ಯರು ಹೇಳಿದ್ದಾರೆ. ಆಗ ಬೆರಳನ್ನು ಮಣಿಕಟ್ಟಿಗೆ ಒಯ್ಯದೆ ಕಾಯೋತ್ಸರ್ಗಕ್ಕೆ ನಿಲ್ಲುತ್ತೇನೆ. ಒಂದು ಪಂಚನಮಸ್ಕಾರಕ್ಕೆ ಮೂರು ಉಸಿರು, ಒಂಬತ್ತಕ್ಕೆ ಇಪ್ಪತ್ತೇಳು. ಬಡಿತವನ್ನು ಎಣಿಸುವ ಚಟವಿದ್ದ ಮನಸ್ಸಿಗೆ ಉಸಿರಿನ ಲೆಕ್ಕ ಕೊಟ್ಟರೆ ಒಪ್ಪಿಕೊಳ್ಳುತ್ತದೆ. ಹೃದಯ ನನ್ನ ಮಾತು ಕೇಳುವುದಿಲ್ಲ, ಉಸಿರು ತುಸು ಕೇಳುತ್ತದೆ. ಎಲ್ಲ ದಿನವೂ ಗೆಲ್ಲುತ್ತೇನೆಂದು ಹೇಳಲಾರೆ. ಮೊನ್ನೆಯಷ್ಟೇ ಹದಿನಾಲ್ಕನೆಯ ಉಸಿರಿಗೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಆರಂಭಿಸಿದೆ.

ಕಳೆದ ವಾರ ಬಸದಿಯ ಪೌಳಿಯಲ್ಲಿ ನನಗಿಂತ ಹಿರಿಯರಾದ ಒಬ್ಬ ತಾಯಿ ತಡೆದು ನಿಲ್ಲಿಸಿದರು. ಅವರಿಗೆ ಹೃದಯದ ಕಾಯಿಲೆ, ದಿನಕ್ಕೆ ಐದು ಬಗೆಯ ಮಾತ್ರೆ. 'ಮಾಸ್ತರ, ಈ ಸಲ ದಶಲಕ್ಷಣಕ್ಕ ಉಪವಾಸ ಮಾಡಬೇಕಂತೀನಿ. ಗುಳಿಗಿ ಬಿಟ್ಟರ ನಡೀತದೇನ್ರಿ?' ಎಂದು ಕೇಳಿದರು. 'ನನ್ನ ಕೇಳಬ್ಯಾಡ್ರಿ ಅವ್ವಾರ, ನಿಮ್ಮ ಡಾಕ್ಟರನ್ನ ಕೇಳೋಣ' ಎಂದೆ. ಬರುವ ಸೋಮವಾರ ಧಾರವಾಡದಲ್ಲಿ ನನ್ನ ಇ.ಸಿ.ಜಿ. ಇದೆ. ಅವರೂ ತಮ್ಮ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿಕೊಂಡು ನಮ್ಮ ಜೊತೆಗೆ ಬರುತ್ತೇನೆಂದಿದ್ದಾರೆ.