ಓಟದ ಚಕ್ರಕ್ಕೆ ಊರಿನ ದಾರಿಯೇ?

ಮುಂಗಾರಿನ ಒಂದು ಮುಂಜಾವು. ಮೈಸೂರನ್ನು ಬಿಟ್ಟು ಹುಣಸೂರಿನತ್ತ ಹೊರಟ, ನೆಲಕ್ಕೆ ಒರಗಿದಂತೆ ತಗ್ಗಾದ ವೇಗದ ಕಾರೊಂದನ್ನು ಕಲ್ಪಿಸಿಕೊಳ್ಳಿ. ಅದರ ಗರ್ಜನೆಗೆ ದಾರಿಬದಿಯ ದನಗಳು ಬೆದರಿ ಸರಿಯುತ್ತವೆ. ನೋಡುವವರ ಕಣ್ಣು ಕಾರಿನ ಬಣ್ಣದ ಮೇಲೆ, ಆಕಾರದ ಮೇಲೆ ನಿಲ್ಲುತ್ತದೆಯೇ ಹೊರತು ಚಕ್ರಗಳತ್ತ ಹರಿಯುವುದಿಲ್ಲ. ಆದರೆ ಒಳಗೆ ಕುಳಿತವರ ಪ್ರಾಣ ನಿಂತಿರುವುದು ಆ ಚಕ್ರಗಳ ಮೇಲೆಯೇ. ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ಅಂಗೈ ಅಗಲದಷ್ಟು ಜಾಗದಲ್ಲಿ ಮಾತ್ರ.

ಡನ್ಲಪ್ ಮಹಾಶಯನು 1888ರಲ್ಲಿ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದಂದಿನಿಂದ ಅದರ ರೂಪ ಬಹಳ ಮಾರ್ಪಟ್ಟಿದೆ. 1971ರಲ್ಲಿ ಫಾರ್ಮುಲಾ ಒನ್ ಪಂದ್ಯಗಳಿಗೆ ಗೆರೆಯೇ ಇಲ್ಲದ ನುಣ್ಣನೆಯ ಟೈರು ಬಂದಿತು. ಇದಕ್ಕೆ ‘ಸ್ಲಿಕ್’ ಎಂದು ಹೆಸರು. ಗೆರೆಗಳಿಲ್ಲದ್ದರಿಂದ ಹೆಚ್ಚು ರಬ್ಬರು ನೆಲಕ್ಕೆ ತಾಗುತ್ತದೆ, ರಬ್ಬರೂ ಮೃದು, ಹಿಡಿತವೂ ಬಿಗಿ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಅಥವಾ ಕೊಯಮತ್ತೂರಿನ ಪಂದ್ಯದ ಪಥಕ್ಕೆ ಹೋಗುವ ನಮ್ಮ ಉತ್ಸಾಹಿ ತರುಣರಿಗೆ ಅಲ್ಲಿ ಅದು ವರವೇ ಸರಿ. ಆದರೆ ಅದೇ ಟೈರಿನಲ್ಲಿ ಮನೆಗೆ ಮರಳುವ ಆಸೆ ಹುಟ್ಟಿದರೆ?

ಮೊದಲ ತೊಡಕು ಶಾಖದ್ದು. ಪಂದ್ಯದ ರಬ್ಬರು ತನ್ನ ಗುಣವನ್ನು ತೋರುವುದು ಸಾಮಾನ್ಯವಾಗಿ 80ರಿಂದ 100 ಡಿಗ್ರಿ ಸೆಲ್ಸಿಯಸ್ ಕಾವೇರಿದಾಗ. ಸುತ್ತು ಸುತ್ತಾಗಿ ಧಾವಿಸುವ ಪಥದಲ್ಲಿ ಆ ಕಾವು ಸುಲಭ. ಊರ ದಾರಿಯ ಮಿತವೇಗದಲ್ಲಿ ದುರ್ಲಭ. ತಣ್ಣಗಿರುವ ಟೈರು ಗಡಸಾಗಿ, ಬ್ರೇಕು ಒತ್ತಿದಾಗ ಜಾರುತ್ತದೆ.

ಎರಡನೆಯದು ನೀರಿನದು. ಸಾಧಾರಣ ಟೈರಿನ ಗೆರೆಗಳು ಅಲಂಕಾರಕ್ಕಲ್ಲ. ಅವು ನೀರನ್ನು ಹೊರಹಾಕುವ ಕಾಲುವೆಗಳು. ಅವಿಲ್ಲದೆ ಹೋದರೆ ಚಕ್ರವು ನೀರಿನ ಪದರದ ಮೇಲೆ ತೇಲುತ್ತದೆ; ಸ್ಟಿಯರಿಂಗು ತಿರುಗಿಸಿದರೂ ಕಾರು ತಿರುಗದು. ಅಮೆರಿಕದ ನಾಸಾ ಸಂಸ್ಥೆಯ ಸಂಶೋಧಕರು 1960ರ ದಶಕದಲ್ಲಿ ಕಂಡುಕೊಂಡ ಸೂತ್ರದಂತೆ, ಚದರ ಅಂಗುಲಕ್ಕೆ 32 ಪೌಂಡು ಗಾಳಿಯಿರುವ ನುಣ್ಣನೆಯ ಟೈರು ಗಂಟೆಗೆ ಸುಮಾರು 94 ಕಿಲೋಮೀಟರು ವೇಗದಲ್ಲಿ ತೇಲತೊಡಗುತ್ತದೆ. ಪಂದ್ಯಕ್ಕೆಂದು ಗಾಳಿಯನ್ನು 20 ಪೌಂಡಿಗೆ ಇಳಿಸಿದರೆ 75 ಕಿಲೋಮೀಟರೇ ಸಾಕು! ಹೆದ್ದಾರಿಯಲ್ಲಿ ಇದೇನೂ ವಿಪರೀತ ವೇಗವಲ್ಲ.

ಇನ್ನು ಈ ಸೀಮೆಯ ದಾರಿಗಳನ್ನು ನೆನೆಯಿರಿ. ಪಿರಿಯಾಪಟ್ಟಣವನ್ನು ಹಾದು ಕೊಡಗಿಗೇರುವ ಹೆದ್ದಾರಿಯಲ್ಲಿ ಹೊಗೆಸೊಪ್ಪಿನ ಹೊಲಗಳಿಂದ ಕೆಸರು ಹೊತ್ತು ಬರುವ ಟ್ರಾಕ್ಟರುಗಳು. ಕೃಷ್ಣರಾಜನಗರದ ಸುತ್ತ ನೀರು ನಿಂತ ಗದ್ದೆಗಳ ನಡುವಣ ತಿರುವುಗಳು. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಹಠಾತ್ತನೆ ಅಡ್ಡಬರುವ ಜಿಂಕೆಗಳು. ಮೃದು ರಬ್ಬರಿಗೆ ಚೂಪುಗಲ್ಲೂ ಶತ್ರುವೇ. ಜಾರಿದ ಕಾರು ಒಡೆಯನೊಬ್ಬನನ್ನೇ ಬಲಿಗೊಳ್ಳುವುದಿಲ್ಲ. ಬದಿಯಲ್ಲಿ ಸೈಕಲ್ ತುಳಿದು ಶಾಲೆಗೆ ಹೊರಟ ಬಾಲಕಿಗೆ ಆ ಪಂದ್ಯದಲ್ಲಿ ಪಾಲೇನು?

ಕಾನೂನೂ ಇದನ್ನೇ ಹೇಳುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಕಾರಿನ ಟೈರಿನಲ್ಲಿ ಗೆರೆಯ ಆಳ 1.6 ಮಿಲಿಮೀಟರಿಗೆ ಕಡಿಮೆಯಿರಕೂಡದು. ಗೆರೆಯೇ ಇಲ್ಲದ ಟೈರಿಗೆ ರಸ್ತೆಯಲ್ಲಿ ಸ್ಥಾನವೆಲ್ಲಿ? ಅಲ್ಪಸ್ವಲ್ಪ ಗೆರೆಯುಳ್ಳ, ರಸ್ತೆಗೂ ಒಪ್ಪಿತವಾದ ಮಧ್ಯಮ ಬಗೆಯ ಟೈರುಗಳುಂಟು. ಆದರೆ ನಿಂತ ನೀರಿನಲ್ಲಿ ಅವೂ ದುರ್ಬಲವೇ.

ಹಾಗಾದರೆ ಆಸೆಯನ್ನು ತೊರೆಯಬೇಕೆ? ಬೇಡ. ಪಂದ್ಯದ ಚಕ್ರಗಳನ್ನು ಬೇರೆ ಗಾಡಿಯಲ್ಲಿ ಸಾಗಿಸಿ, ಪಥದ ಬಳಿ ಜೋಡಿಸಿ, ಓಟ ಮುಗಿದೊಡನೆ ಬಿಚ್ಚಿಡುವುದೇ ಜಾಣತನ. ಕುಸ್ತಿಯ ಮಟ್ಟಿಗೆ ಇಳಿಯುವವನು ಲಂಗೋಟಿ ಕಟ್ಟುತ್ತಾನೆ, ನಿಜ. ಅದೇ ಉಡುಪಿನಲ್ಲಿ ಅವನು ಸಂತೆಗೆ ಹೋಗುವುದಿಲ್ಲ.